ಕ್ಯಾಮೆಲಿಯಾ ಬೆಳೆಸುವವರಿಗೆ: ಬೂದಿ ಬೇಡ, ಬುಡ ಒಣಗುವುದೂ ಬೇಡ

ಚಹಾ ಗಿಡದ ಕುಲಕ್ಕೇ ಸೇರಿದ ಕ್ಯಾಮೆಲಿಯಾ ಜಪೋನಿಕಾ ತಂಪು ಹವೆಯನ್ನೂ ಹುಳಿ ಮಣ್ಣನ್ನೂ ಬಯಸುವ ಹೂಗಿಡವಾದುದರಿಂದ, ಅದು ಬಯಲುಸೀಮೆಯ ಬಿಸಿಲಿಗಿಂತ ಊಟಿ, ಕೂನೂರು, ಮಡಿಕೇರಿಯಂಥ ಬೆಟ್ಟದ ಊರುಗಳ ಅಂಗಳಕ್ಕೆ ಚೆನ್ನಾಗಿ ಒಗ್ಗುತ್ತದೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದ, ನೀರು ನಿಲ್ಲದ ಜಾಗವನ್ನು ಆರಿಸಿಕೊಳ್ಳಿ. ಬೇರುಗಳು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಗಿಡವನ್ನು ಆಳವಾಗಿ ನೆಡಬಾರದು, ಬುಡವನ್ನು ಕೆದಕಲೂಬಾರದು. ತರಗೆಲೆಯ ಹೊದಿಕೆಯನ್ನು ಕಾಂಡಕ್ಕೆ ತಾಗದಂತೆ ಹರಡಿದರೆ ಸಾಕು.

ಗಿಡಗಳಿಗೆ ಒಲೆಯ ಬೂದಿ ಹಾಕುವ ರೂಢಿ ನಮ್ಮ ಮನೆಗಳಲ್ಲಿದೆ. ದಯವಿಟ್ಟು ಇದಕ್ಕೆ ಮಾತ್ರ ಹಾಕಬೇಡಿ. ಮಣ್ಣಿನ ರಸಸಾರ (ಹುಳಿ-ಕ್ಷಾರದ ಅಳತೆ, pH) 5.5ರಿಂದ 6.5ರೊಳಗಿರಬೇಕಾದ ಈ ಗಿಡಕ್ಕೆ ಬೂದಿ, ಸುಣ್ಣ, ಗಡಸಾದ ಕೊಳವೆಬಾವಿ ನೀರು ಮೂರೂ ಒಗ್ಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ, ಕಬ್ಬಿಣದ ಅಂಶವನ್ನು ಬೇರು ಹೀರಿಕೊಳ್ಳಲಾಗುತ್ತಿಲ್ಲವೆಂದು ತಿಳಿಯಬಹುದು. ಹಿಡಿದಿಟ್ಟ ಮಳೆನೀರು ಇದಕ್ಕೆ ಅತ್ಯುತ್ತಮ.

ಮೊಗ್ಗುಗಳು ಅರಳುವುದಕ್ಕೆ ತಿಂಗಳುಗಳ ಮೊದಲೇ ಕಟ್ಟುವುದರಿಂದ, ಆ ಅವಧಿಯಲ್ಲಿ ಬುಡ ಒಮ್ಮೆ ಒಣಗಿ ಇನ್ನೊಮ್ಮೆ ತೊಯ್ದರೆ ಅವು ಕಂದು ಬಣ್ಣಕ್ಕೆ ತಿರುಗಿ ಉದುರುತ್ತವೆ. ರೆಂಬೆಯ ತುದಿಯನ್ನು ಹತ್ತಿರದಿಂದ ನೋಡಿ: ದುಂಡಗೆ ಉಬ್ಬಿರುವುದು ಹೂವಿನ ಮೊಗ್ಗು, ಸಪೂರವಾಗಿ ಚೂಪಾಗಿರುವುದು ಎಲೆಯ ಚಿಗುರು. ಒಂದೇ ಕಡೆ ಎರಡು ಮೂರು ಹೂಮೊಗ್ಗುಗಳಿದ್ದರೆ ಒಂದನ್ನು ಉಳಿಸಿ ಮಿಕ್ಕವನ್ನು ಮೆಲ್ಲಗೆ ತಿರುಚಿ ತೆಗೆದಾಗ ಹೂವು ದೊಡ್ಡದಾಗಿ ಅರಳುತ್ತದೆ. ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಿ. ತಡಮಾಡಿದರೆ ಮುಂದಿನ ವರ್ಷದ ಮೊಗ್ಗುಗಳೇ ಕತ್ತರಿಗೆ ಸಿಕ್ಕಿಬಿಡುತ್ತವೆ.