ಹಳೇ ಕ್ಯಾಸೆಟ್ ಡೆಕ್‌ಗೆ ಆಕ್ಸ್: ಮೂರು ಸಲ ಕೆಟ್ಟು ನಾಲ್ಕನೇ ಸಲ ಹಾಡಿತು

ನಮ್ಮದು 2002ರ ಮಾರುತಿ ಝೆನ್ ಕಾರು. ಹದಿನೈದು ವರ್ಷ ತುಂಬಿದಾಗ ಆರ್.ಸಿ. ರಿನ್ಯೂ ಮಾಡಿಸಿದೆ, ಐದು ವರ್ಷ ಬಿಟ್ಟು ಇನ್ನೊಂದು ಸಲ ಮಾಡಿಸಿದೆ, ಡೆಕ್ ಮಾತ್ರ ಬದಲಾಯಿಸಲಿಲ್ಲ. ಹಸಿರು ದೀಪದ ಕ್ಯಾಸೆಟ್ ಡೆಕ್ ಅದು, ಕೈಯಲ್ಲಿ ತಿರುಗಿಸುವ ವಾಲ್ಯೂಮ್. ಎಫ್‌ಎಂ ಹಿಡಿಯುವುದರಲ್ಲಂತೂ ನಾನು ಕೇಳಿದ ಯಾವ ಟಚ್‌ಸ್ಕ್ರೀನೂ ಅದರ ಹತ್ತಿರ ಬರುವುದಿಲ್ಲ. ಅಪ್ಪನ ಭಾವಗೀತೆ ಕ್ಯಾಸೆಟ್‌ಗಳೂ ಒಂದು ಡಬ್ಬದ ತುಂಬ ಇವೆ. ಡೆಕ್ ಕೀಳಬಾರದು, ಫೋನಿನ ಹಾಡೂ ಕೇಳಬೇಕು, ಅಂದರೆ ಫೋನಿನ ವೈರ್ ಚುಚ್ಚುವ ತೂತು (ಆಕ್ಸ್) ಬೇಕು. ಇಷ್ಟೇ ಆಸೆ.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕಾರ್ ಸ್ಟೀರಿಯೋ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಡೆಕ್ ಕಡೆ ತಿರುಗಿಯೂ ನೋಡಲಿಲ್ಲ. "ಸಾರ್, ಇದಕ್ಕೆಲ್ಲ ಆಕ್ಸ್ ಬರಲ್ಲ. ಮೂರೂವರೆ ಸಾವಿರ ಕೊಡಿ, ಬ್ಲೂಟೂತ್ ಇರೋದು ಅರ್ಧ ಗಂಟೇಲಿ ಹಾಕ್ಕೊಡ್ತೀನಿ." ನನ್ನ ಬಾಮೈದ ಎಲೆಕ್ಟ್ರಾನಿಕ್ಸ್ ಓದಿದವನು. ಅವನೂ "ಭಾವ, ಸುಮ್ನೆ ಬೋರ್ಡ್ ಸುಡ್ತೀರ" ಅಂದ. ಅವನು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

ಮೊದಲು ಡೆಕ್ ಬಿಚ್ಚದೆ ನೋಡಿದೆ. ಫೋನಿನ ಹಾಡನ್ನು ಪುಟ್ಟ ಎಫ್‌ಎಂ ಸ್ಟೇಷನ್ನಿನ ಹಾಗೆ ಡೆಕ್ಕಿಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಕಥೆ ನಿಮಗೆಲ್ಲ ಗೊತ್ತು. 350 ರೂಪಾಯಿ ಹೋಯಿತು. ಬೆಂಗಳೂರಿನಲ್ಲಿ ಎಫ್‌ಎಂ ಮೇಲೆ ಖಾಲಿ ಜಾಗ ಹುಡುಕುವುದೂ ಒಂದೇ, ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಪಾರ್ಕಿಂಗ್ ಹುಡುಕುವುದೂ ಒಂದೇ. ಕ್ಯಾಸೆಟ್ ಅಡಾಪ್ಟರ್ (ಕ್ಯಾಸೆಟ್ ಆಕಾರದ್ದು, ಅದರ ವೈರನ್ನು ಫೋನಿಗೆ ಚುಚ್ಚುವುದು) ಪರವಾಗಿರಲಿಲ್ಲ, ಆದರೆ ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಅದು ಅಲುಗಿ ಒಂದು ಕಡೆ ಸ್ಪೀಕರ್ ಮಾಯ, ಒಳಗಿನ ಗೇರ್ ಬೇರೆ ಕಟಕಟ. ಅದಕ್ಕೊಂದು 250.

ಡೆಕ್ ಬಿಚ್ಚುವ ಮೊದಲು ಮಾಡಿದ ಒಂದೇ ಜಾಣ ಕೆಲಸ ಅಂದರೆ, ಶಿವಾಜಿನಗರದ ಗುಜರಿಯಿಂದ ಅದೇ ಮಾಡೆಲ್ ಡೆಕ್ ತಂದದ್ದು. 900 ಹೇಳಿದರು, 600ಕ್ಕೆ ಬಂತು. ಕ್ಯಾಸೆಟ್ ಬಾಗಿಲು ಮುರಿದಿತ್ತು, ರೇಡಿಯೋ ಹಾಡುತ್ತಿತ್ತು. ಸುಡುವುದನ್ನೆಲ್ಲ ಅದರ ಮೇಲೆ ಸುಟ್ಟೆ.

ಮೊದಲ ಪ್ರಯತ್ನ, ಕ್ಯಾಸೆಟ್ಟಿನ ಟೇಪನ್ನು ಓದುವ ಟೇಪ್ ಹೆಡ್ಡಿನ ವೈರಿಗೇ ಫೋನ್ ಕೊಡುವುದು. ದಡ್ಡತನ. ಹೆಡ್ಡಿನಿಂದ ಬರುವುದು ಒಂದು ಮಿಲಿವೋಲ್ಟೂ ಇಲ್ಲದ ಸಿಗ್ನಲ್, ಫೋನ್ ಕೊಡುವುದು ಅದರ ನೂರಾರು ಪಟ್ಟು. ರೆಸಿಸ್ಟರ್ ಹಾಕಿ ಎಷ್ಟು ತಗ್ಗಿಸಿದರೂ ಟೇಪಿಗೆ ಅಂತಲೇ ಇರುವ, ಸ್ವರ ಸರಿಮಾಡುವ ಈಕ್ವಲೈಸೇಷನ್ ಸರ್ಕ್ಯೂಟ್ ಬಾಸ್ ಎತ್ತಿಬಿಡುತ್ತದೆ. ಕಂಬಳಿ ಹೊದ್ದು ಹಾಡಿದ ಹಾಗಿತ್ತು.

ಎರಡನೆಯದರಲ್ಲಿ ನಾನು ಗೆದ್ದೇ ಬಿಟ್ಟೆ ಅಂದುಕೊಂಡಿದ್ದೆ. ಒಳಗೆ ಟಿಡಿಎ7313 ಅನ್ನುವ ವಾಲ್ಯೂಮ್ ಐಸಿ (ಸದ್ದು ಏರಿಸಿ ಇಳಿಸುವ, ಇನ್‌ಪುಟ್ ಬದಲಿಸುವ ಚಿಪ್) ಇತ್ತು, ಅದಕ್ಕೆ ಮೂರು ಸ್ಟೀರಿಯೋ ಇನ್‌ಪುಟ್. ಒಂದು ಟ್ಯೂನರಿಗೆ (ರೇಡಿಯೋ ಭಾಗಕ್ಕೆ), ಒಂದು ಟೇಪಿಗೆ, ಮೂರನೆಯದು ಖಾಲಿ! ರಾತ್ರಿ ಹನ್ನೊಂದಕ್ಕೆ ಬೆಸುಗೆ ಹಾಕಿ, ಹೆಂಡತಿಯನ್ನು ಎಬ್ಬಿಸಿ ಬೇರೆ ತೋರಿಸಿದೆ. ಒಂದು ಸದ್ದೂ ಇಲ್ಲ. ಯಾವ ಇನ್‌ಪುಟ್ ಆರಿಸಬೇಕು ಅಂತ ಆ ಐಸಿಗೆ ಹೇಳುವುದು ಡೆಕ್ಕಿನ ಮಿದುಳಾದ ಮೈಕ್ರೋಕಂಟ್ರೋಲರ್. ಅದಕ್ಕೆ ಮೂರನೇ ಇನ್‌ಪುಟ್ ಇದೆ ಅನ್ನುವುದೇ ಗೊತ್ತಿಲ್ಲ, ಹಾಗಾಗಿ ಯಾವತ್ತೂ ಆರಿಸುವುದೂ ಇಲ್ಲ. ಖಾಲಿ ಪಿನ್ ಕಂಡ ತಕ್ಷಣ ಕುಣಿಯಬೇಡಿ.

ಮೂರನೆಯ ಸಲ ಟ್ಯೂನರ್ ಲೈನಿಗೇ ಫೋನನ್ನು ಪ್ಯಾರಲಲ್ ಕೊಟ್ಟೆ. ಹಾಡು ಬಂತು! ಜೊತೆಗೆ ಆಕಾಶವಾಣಿಯ 101.3 ಕೂಡ ಬಂತು. ಹಾಡಿನ ಹಿಂದೆ ಉದ್ಘೋಷಕಿ. ಎರಡರ ಸದ್ದೂ ಅರ್ಧಕ್ಕರ್ಧ ಇಳಿದಿತ್ತು.

ಆಗ ತಲೆಗೆ ಬಂತು, ಟ್ಯೂನರ್ ಲೈನನ್ನು ಕತ್ತರಿಸಿಯೇ ಬಿಡೋಣ, ಅದನ್ನು ಸ್ವಿಚ್ ಇರುವ ಜಾಕ್ ಮೂಲಕ ಹೊರಗೆ ಕರೆದುಕೊಂಡು ಹೋಗಿ ವಾಪಸ್ ತರೋಣ. ಜಾಕಿಗೆ ಫೋನಿನ ಪಿನ್ ಚುಚ್ಚದಿದ್ದರೆ ರೇಡಿಯೋ, ಚುಚ್ಚಿದರೆ ರೇಡಿಯೋ ಕಟ್ ಆಗಿ ಫೋನ್. ಇದಕ್ಕೆ ಐದು ಕಾಲಿನ 3.5 ಎಂಎಂ ಜಾಕೇ ಬೇಕು. ಚಿಕ್ಕಪೇಟೆ ಪಕ್ಕದ, ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಮೆಟ್ರೋದಲ್ಲಿ ಹೋಗಿ ತಂದದ್ದನ್ನು ಮನೆಗೆ ಬಂದು ನೋಡಿದರೆ ಮೂರೇ ಕಾಲು. ಹದಿನೈದು ರೂಪಾಯಿ ಜಾಕಿಗೆ ಎರಡು ಸಲ ಚಿಕ್ಕಪೇಟೆ.

ಎಲ್ಲಿ ಕತ್ತರಿಸಬೇಕು ಅನ್ನುವುದೇ ಮುಖ್ಯ. ವಾಲ್ಯೂಮ್ ಐಸಿಯ ಇನ್‌ಪುಟ್ ಪಿನ್ನಿನಲ್ಲಿ ಮೀಟರ್ ಇಟ್ಟರೆ ನಾಲ್ಕು ವೋಲ್ಟಿನ ಆಸುಪಾಸು ಡಿಸಿ ಕಾಣುತ್ತದೆ. ನಾನು ಮೊದಲು ಅಲ್ಲೇ ಕತ್ತರಿಸಿ, ಫೋನಿನ ಪಿನ್ ಚುಚ್ಚಿದಾಗಲೆಲ್ಲ ಧಡ್ ಅಂತ ಸದ್ದು ಮಾಡಿಸಿಕೊಂಡೆ. ಬೋರ್ಡಿನ ಮೇಲೆ ಆಗಲೇ ಇರುವ ಕಪ್ಲಿಂಗ್ ಕೆಪಾಸಿಟರಿನ (ಡಿಸಿ ತಡೆದು ಹಾಡನ್ನು ಮಾತ್ರ ಬಿಡುವುದು) ಆಚೆ, ಟ್ಯೂನರ್ ಕಡೆ ಕತ್ತರಿಸಿ. ಫೋನಿನ ಸಿಗ್ನಲ್ ತಗ್ಗಿಸಲು ಅದರ ಎಡ, ಬಲ ಎರಡೂ ಲೈನಿಗೆ 10ಕೆ ರೆಸಿಸ್ಟರ್ ಸೀರೀಸ್‌ನಲ್ಲಿ, 4.7ಕೆ ರೆಸಿಸ್ಟರ್ ಗ್ರೌಂಡಿಗೆ. ಇಲ್ಲದಿದ್ದರೆ ಫೋನಿನ ವಾಲ್ಯೂಮ್ ಅರ್ಧ ದಾಟಿದೊಡನೆ ಒಡೆದ ಸದ್ದು. ವೈರ್ ಶೀಲ್ಡ್ (ಸುತ್ತ ಲೋಹದ ಬಲೆ) ಇರುವುದೇ ಆಗಬೇಕು, ಶೀಲ್ಡ್ ಗ್ರೌಂಡ್ ಒಂದೇ ತುದಿಯಲ್ಲಿ, ಅದೂ ಡೆಕ್ಕಿನ ತಗಡಿಗಲ್ಲ, ಆ ಐಸಿಯ ಗ್ರೌಂಡಿಗೆ. ಫೋನ್ ಹಾಡುವಾಗಲೂ ಡೆಕ್ ತಾನು ರೇಡಿಯೋದಲ್ಲೇ ಇದ್ದೇನೆ ಅಂದುಕೊಂಡಿರುತ್ತದೆ, ಹಾಗಾಗಿ ಬೇಸ್‌ಮೆಂಟಿಗೆ ಹೋದರೆ ಸ್ಟೇಷನ್ ಸಿಗದೆ ತಾನಾಗಿ ಮ್ಯೂಟ್ ಆಗುತ್ತಿತ್ತು. ಅದನ್ನು ಒಂದೇ ರೆಸಿಸ್ಟರಿನಲ್ಲಿ ಬಗೆಹರಿಸಿದೆ. ಎಲ್ಲಿ ಹಾಕಿದೆ ಅಂತ ಹೇಳಲ್ಲ, ಎರಡು ಭಾನುವಾರ ತಿಂದ ಕೆಲಸ ಅದು.

ಗುಜರಿ ಡೆಕ್ಕಿನಲ್ಲಿ ಸರಿಹೋದ ಮೇಲೆ ಗಾಡಿಯ ಡೆಕ್ ಮುಟ್ಟಿದೆ. ನಲವತ್ತು ನಿಮಿಷ ಹಿಡಿದಿರಬೇಕು. ಜಾಕನ್ನು ಆಶ್‌ಟ್ರೇ ಒಳಗೆ ಕೂರಿಸಿದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಗಾಡಿ ಸ್ಟಾರ್ಟ್ ಮಾಡಿ ಫೋನ್ ಚಾರ್ಜಿಗೆ ಹಾಕಿದರೆ ಹೊಸ ಕಾಟ. ಸೊಳ್ಳೆ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಶ್ರುತಿ ಏರುತ್ತದೆ. ಗ್ರೌಂಡ್ ಲೂಪ್, ಇನ್ನೇನು: ಚಾರ್ಜರ್ ಕಡೆಯಿಂದೊಮ್ಮೆ, ಆಕ್ಸ್ ಕಡೆಯಿಂದೊಮ್ಮೆ ಗ್ರೌಂಡ್ ಸೇರಿ ಬರುವ ಸದ್ದು. ಆಕ್ಸ್ ವೈರಿನ ನಡುವೆ, ಆ ಗ್ರೌಂಡ್ ಜೋಡಣೆ ತಪ್ಪಿಸುವ 220 ರೂಪಾಯಿಯ ಐಸೊಲೇಟರ್ ಹಾಕಿದ ಮೇಲೆ ನಿಂತಿತು. ಬಾಸ್ ಸ್ವಲ್ಪ ಕಡಿಮೆಯಾಯಿತು, ಅದಕ್ಕೇ ಚಾರ್ಜಿಗೆ ಹಾಕದಿದ್ದಾಗ ಅದನ್ನು ತೆಗೆದಿಡುತ್ತೇನೆ.

ನಡುವೆ ಬ್ಲೂಟೂತ್ ಹುಚ್ಚೂ ಹಿಡಿದಿತ್ತು. ನೂರೈವತ್ತರ ಚಿಕ್ಕ ಬೋರ್ಡನ್ನು ಡೆಕ್ ಒಳಗೇ ತುರುಕಿ 7805 ಅನ್ನುವ ವೋಲ್ಟೇಜ್ ರೆಗ್ಯುಲೇಟರಿನಿಂದ ಐದು ವೋಲ್ಟ್ ಕೊಟ್ಟೆ. ಕನೆಕ್ಟ್ ಆದೊಡನೆ ಹಿಂದೆ ಗುಂಯ್ ಟಿಕ್‌ಟಿಕ್. ಇದಕ್ಕೆ ಬಿ0505ಎಸ್ ಅನ್ನುವ ಐಸೊಲೇಟೆಡ್ ಕನ್ವರ್ಟರ್ ಹಾಕಬೇಕು, ಬ್ಲೂಟೂತ್ ಬೋರ್ಡಿನ ಗ್ರೌಂಡೂ ಡೆಕ್ಕಿನ ಗ್ರೌಂಡೂ ಪವರ್ ಕಡೆಯಿಂದ ಸೇರಬಾರದು. ಹಾಕಿದೆ, ಮುಕ್ಕಾಲು ಭಾಗ ಹೋಯಿತು. ಉಳಿದ ಕಾಲು ಭಾಗ ಹಾಡು ನಿಂತಾಗ ಈಗಲೂ ಕೇಳಿಸುತ್ತದೆ, ಅದಕ್ಕೇ ಅದು ಗುಜರಿ ಡೆಕ್ಕಿನಲ್ಲೇ ಇದೆ.

ನೆನಪಿನಿಂದ ಲೆಕ್ಕ ಹಾಕಿದರೆ, ಹಾಳಾದದ್ದೆಲ್ಲ ಸೇರಿ ಸಾವಿರದ ಎಂಟುನೂರು, ಒಂಬೈನೂರು ಆಗಿದೆ. ನಿಜವಾಗಿ ಡೆಕ್ ಒಳಗೆ ಹೋದದ್ದು ನೂರು ರೂಪಾಯಿ ಸಾಮಾನೂ ಇಲ್ಲ. ಉಳಿತಾಯ ಅಂದರೆ ಹೆಂಡತಿ ನಗುತ್ತಾಳೆ. ಆದರೂ ಮೂರೂವರೆ ಸಾವಿರಕ್ಕಿಂತ ಕಡಿಮೆಯೇ ಅಲ್ವಾ?

ಕಳೆದ ತಿಂಗಳು ಬಾಮೈದನನ್ನು ಕೂರಿಸಿಕೊಂಡು ಮೈಸೂರು ರಸ್ತೆಯಲ್ಲಿ ಬಿಡದಿಗೆ ತಟ್ಟೆ ಇಡ್ಲಿಗೆ ಹೋದೆ. ಕೆಂಗೇರಿ ದಾಟುವವರೆಗೂ ಅವನು ಸುಮ್ಮನೆ ಕೇಳಿದ. ವಾಲ್ಯೂಮ್ ಏರಿಸಿದ, ಇಳಿಸಿದ, ಪಿನ್ ಕಿತ್ತು ರೇಡಿಯೋ ಬರುತ್ತದಾ ನೋಡಿದ, ಮತ್ತೆ ಚುಚ್ಚಿದ. ಆಮೇಲೆ ತನ್ನ ಫೋನ್ ತೆಗೆದು ನಾಲ್ಕೂ ಕಡೆ ತಿರುಗಿಸಿ, "ಭಾವ, ಇದರಲ್ಲಿ ಜಾಕ್ ತೂತೇ ಇಲ್ವಲ್ಲ" ಅಂದ. ಮಾರನೇ ದಿನ 180 ಕೊಟ್ಟು ಟೈಪ್-ಸಿಯಿಂದ 3.5 ಎಂಎಂ ಜಾಕಿಗೆ ಬದಲಿಸುವ ತುಂಡು ವೈರ್ ತಂದೆ. ಆ 180 ಮೇಲಿನ ಲೆಕ್ಕದಲ್ಲಿ ಸೇರಿಲ್ಲ.