ತೀರಿಹೋದವರಿಗೆ ಒಂದೊಂದು ಪುಟ: ಮನೆತನದ ಪುಸ್ತಕ ಬರೆಯುವುದು ಹೀಗೆ

ಇನ್ನೂರು ಪುಟದ ಒಂದು ದಪ್ಪ ನೋಟ್‌ಬುಕ್ ತನ್ನಿ. ತೀರಿಹೋದ ಒಬ್ಬೊಬ್ಬರಿಗೂ ಒಂದೊಂದು ಪುಟ ಬಿಡಿ. ವಂಶವೃಕ್ಷದ ಚಿತ್ರ ಆಮೇಲೆ ಬರೆದರಾಯಿತು. ಚಿತ್ರದಲ್ಲಿ ಹೆಸರಿಗಷ್ಟೇ ಜಾಗ. ನಮ್ಮ ದೊಡ್ಡಮ್ಮ ರೊಟ್ಟಿ ಬಡಿಯುತ್ತಾ ವಚನ ಹೇಳುತ್ತಿದ್ದಳು, ಕೊನೆಯ ರೊಟ್ಟಿಯನ್ನು ನಾಯಿಗೆ ಎಂದೇ ದಪ್ಪಗೆ ಬಡಿಯುತ್ತಿದ್ದಳು. ಇದನ್ನು ಬರೆಯಲು ಪುಟವೇ ಬೇಕು, ಅಲ್ವಾ?

ಹೆಣ್ಣುಮಕ್ಕಳಿಂದ ಶುರು ಮಾಡಿ. ಇದನ್ನು ಒತ್ತಿ ಹೇಳುತ್ತೇನೆ. ಗಂಡಸರ ಹೆಸರು ಪಹಣಿಯಲ್ಲೋ, ಹಳೆ ಖರೀದಿ ಪತ್ರದಲ್ಲೋ ಹೇಗೂ ಸಿಗುತ್ತದೆ. ಹೆಂಗಸರದು ಬಾಯಿಮಾತಿನಲ್ಲೇ ಜಾಸ್ತಿ ಉಳಿದಿರುತ್ತದೆ. ಬೆಳಗಾವಿ ಜಿಲ್ಲೆಯ ನಮ್ಮ ಬೈಲಹೊಂಗಲದ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಾಗಿ ಬಂದ ಸೊಸೆಗೆ ಹೊಸ ಹೆಸರು ಇಡುತ್ತಿದ್ದರು. ನನ್ನ ಅಜ್ಜಿಯ ತವರಿನ ಹೆಸರು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳ ತಮ್ಮನ ಸೊಸೆ ಹೇಳಿದಳು. ಎರಡೂ ಹೆಸರು ಬರೆಯಿರಿ, ತವರೂರನ್ನೂ ಬರೆಯಿರಿ. ಚಿಕ್ಕಂದಿನಲ್ಲೇ ಹೋದ ಕೂಸುಗಳನ್ನು ಬಿಡಬೇಡಿ. ಹೆಸರು ಇಡುವ ಮೊದಲೇ ಹೋಗಿದ್ದರೆ 'ಮೂರನೆಯದು, ಹೆಣ್ಣು ಕೂಸು' ಅಂತಲಾದರೂ ಇರಲಿ.

ಹಿರಿಯರ ಮುಂದೆ ಪೆನ್ನು ಹಿಡಿದು ಕೂತರೆ ಮಾತು ನಿಂತುಹೋಗುತ್ತದೆ. ಅವರು ಅವರೆಕಾಯಿ ಸುಲಿಯುವಾಗ ಜೊತೆಗೆ ಕೂತು ಸುಲಿಯಿರಿ. ಕೇಳಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿ. 'ಅವರು ಯಾವಾಗ ತೀರಿಕೊಂಡರು?' ಅಂದರೆ 'ಯಾರಿಗೆ ನೆನಪು' ಅನ್ನುತ್ತಾರೆ. 'ಗಾಂಧಿ ಹೋದಾಗ ಇದ್ದರಾ? ಕೊಯ್ನಾ ಭೂಕಂಪ ಆದಾಗ?' ಅಂತ ಕೇಳಿ. ಒಂದು 1948, ಇನ್ನೊಂದು 1967ರ ಡಿಸೆಂಬರ್. ಈ ಎರಡರ ನಡುವೆ ಅಂತ ಗೊತ್ತಾದರೂ ಅರ್ಧ ಕೆಲಸ ಆಯಿತು.

ತಿಥಿ ಬರೆದಿಟ್ಟ ಚೀಟಿ ಸಿಕ್ಕರೆ ಇನ್ನೂ ಒಳ್ಳೆಯದು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 'ವಿಕಾರಿ, ಪುಷ್ಯ ಬಹುಳ ಪಂಚಮಿ' ಅಂತ ಇದೆ ಅನ್ನಿ. ವಿಕಾರಿ 2019ರ ಯುಗಾದಿಗೆ ಬಂದಿತ್ತು. ಅದರ ಹಿಂದಿನದು 1959ರ ಯುಗಾದಿಗೆ. ಪುಷ್ಯ ಬಹುಳ ಪಂಚಮಿ ಬರುವಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಹಾಗಾಗಿ ಅದು 1960ರ ಜನವರಿ. ಹಳೆ ಪಂಚಾಂಗ ಸಿಕ್ಕರೆ ತಾರೀಖನ್ನೂ ಹಿಡಿಯಬಹುದು. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಅಂತ ಇದ್ದರೆ ಮಾತ್ರ ನಂಬುವ ಮುಂಚೆ ಇನ್ನೊಬ್ಬರನ್ನು ಕೇಳಿ. ದಿನ ಗೊತ್ತಿಲ್ಲದ ಮಕ್ಕಳಿಗೆ ಮಾಸ್ತರರು ಸುಮ್ನೆ ಹಾಕುತ್ತಿದ್ದ ದಿನ ಅದು.

ಉತ್ತರ ಕರ್ನಾಟಕದವರಾದರೆ ನಿಮ್ಮ ಮನೆತನಕ್ಕೆ ಬರುವ ಹೆಳವರನ್ನು ಹುಡುಕಿ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬಂದು ವಂಶಾವಳಿ ಹೇಳುವವರು ಇವರು. ಒಂದೊಂದು ಹೆಳವರ ಮನೆಗೆ ಇಂತಿಂಥ ಊರು, ಇಂತಿಂಥ ಮನೆತನ ಅಂತ ಇರುತ್ತದೆ. ಸುಗ್ಗಿ ಮುಗಿದ ಮೇಲೆ ವಿಚಾರಿಸಿದರೆ ಸಿಗುವುದು ಸುಲಭ. ನಿಮ್ಮ ಬೆಡಗು (ಕುಲದೊಳಗಿನ ವಂಶದ ಗುಂಪು) ಯಾವುದು, ಮೂಲ ಊರು ಯಾವುದು, ಅಲ್ಲಿಂದ ಯಾಕೆ ಎದ್ದು ಬಂದರು, ಇದನ್ನೆಲ್ಲ ಕೇಳಿ. ನಮ್ಮವರು ಬರಗಾಲದಲ್ಲಿ ಊರು ಬಿಟ್ಟವರು ಅಂತ ನನಗೆ ಮೊದಲು ತಿಳಿದದ್ದು ಹೆಳವರ ಬಾಯಿಂದಲೇ. ಅವರು ಓದುವಾಗ ನಡುವೆ ತಡೆಯಬೇಡಿ. ಕಾಳು, ಬಟ್ಟೆ, ದುಡ್ಡು, ಕೈಲಾದದ್ದು ಮನಸಾರೆ ಕೊಡಿ. ಅವರ ಬದುಕು ನಡೆಯುತ್ತಿದ್ದದ್ದು ಈ ವಿದ್ಯೆಯಿಂದಲೇ.

ಇನ್ನು ಮನೆಯ ಒಳಗೇ ಹುಡುಕಿ. ಅಟ್ಟದ ಮೇಲಿನ ಹಿತ್ತಾಳೆ ಕೊಡ, ಸ್ಟೀಲ್ ಡಬ್ಬಿ ಇಳಿಸಿ ತಿರುಗಿಸಿ ನೋಡಿ. ಮದುವೆಗೆ ಮುಯ್ಯಿ ಕೊಟ್ಟವರ ಹೆಸರು, ಕೆಲವೊಮ್ಮೆ ತಾರೀಖು, ಚುಕ್ಕಿ ಚುಕ್ಕಿಯಾಗಿ ಕೊರೆಸಿರುತ್ತಾರೆ. ನಮ್ಮ ಸೋದರತ್ತೆಯ ಮದುವೆಯ ವರ್ಷ ಸಿಕ್ಕಿದ್ದು ಒಂದು ತಂಬಿಗೆಯ ಕಂಠದಲ್ಲಿ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತು. ಅದಕ್ಕೇ ನಮ್ಮ ಕಡೆಯ ಹಳೆ ಕಾಗದ ಎಷ್ಟೋ ಮರಾಠಿಯಲ್ಲಿವೆ, ಇನ್ನೂ ಹಳೆಯವು ಮರಾಠಿ ಬರೆಯುತ್ತಿದ್ದ ಹಳೆಯ ಮೋಡಿ ಲಿಪಿಯಲ್ಲಿ. ಓದಲು ಬರುವುದಿಲ್ಲ ಅಂತ ಎಸೆಯಬೇಡಿ. ಮೋಡಿ ಬಲ್ಲವರು ಈಗಲೂ ಇದ್ದಾರೆ.

ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಲು ಹೋಗಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ, ಬೆಳಕು ಹೊಳೆಯದ ಹಾಗೆ ಓರೆಯಲ್ಲಿಟ್ಟು ಫೋಟೊ ತೆಗೆಯಿರಿ. ಬಿಡಿ ಫೋಟೊಗಳ ಹಿಂದೆ ಹೆಸರನ್ನು ಮೆತ್ತನೆಯ ಪೆನ್ಸಿಲ್‌ನಲ್ಲಿ, ಒತ್ತದೆ ಬರೆಯಿರಿ. ಗುಂಪಿನ ಫೋಟೊ ಆದರೆ ಎಡದಿಂದ ಬಲಕ್ಕೆ.

ಪ್ರತಿ ಪುಟದಲ್ಲಿ ಯಾರು ಹೇಳಿದರು ಅನ್ನುವುದನ್ನೂ ಬರೆಯಿರಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡೂ ಇರಲಿ. ಜಗಳದ ಸಂಗತಿ, ಆಸ್ತಿಯ ತಕರಾರು ಬಂದರೆ ಬದುಕಿರುವವರಿಗೆ ನೋವಾಗದಷ್ಟೇ ಬರೆಯಿರಿ.

ನಾವು ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಟ್ಟಾದ ಮೇಲೆ ಎರಡು ಮೂರು ಪುಟ ಗಟ್ಟಿಯಾಗಿ ಓದುತ್ತೇವೆ. ಓದುವುದು ಮಕ್ಕಳು. ಆಗ ಯಾರಾದರೊಬ್ಬರು 'ಅದು ಹಾಗಲ್ಲ' ಅಂತ ಬಾಯಿ ಹಾಕಿಯೇ ಹಾಕುತ್ತಾರೆ, ಪುಟಕ್ಕೆ ಇನ್ನೆರಡು ಸಾಲು ಸೇರುತ್ತದೆ. ಅದಕ್ಕೇ ಪ್ರತಿ ಪುಟದ ಕೆಳಗೆ ಜಾಗ ಬಿಟ್ಟಿರಿ. ವರ್ಷಕ್ಕೊಮ್ಮೆ ಜೆರಾಕ್ಸ್ ಮಾಡಿಸಿ, ಗಂಡುಮಕ್ಕಳ ಮನೆಗೆ ಕೊಟ್ಟ ಹಾಗೇ ಹೆಣ್ಣುಮಕ್ಕಳ ಮನೆಗೂ ಒಂದೊಂದು ಪ್ರತಿ ಕಳಿಸಿ.