ಕೆವಿಎಂ ಪೋರ್ಟ್ ಸಾಲದಿದ್ದರೆ ಹೀಗೆ ಮಾಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಸರ್ವರ್ ರೂಮ್ ನೋಡಿಕೊಳ್ಳುವವರಿಗೆ ಒಂದು ಸಲಹೆ. ಕೆವಿಎಂ ಅಂದರೆ ಒಂದೇ ಕೀಬೋರ್ಡ್, ಮಾನಿಟರ್, ಮೌಸ್‌ನಿಂದ ಹಲವು ಸರ್ವರ್ ನಡೆಸಲು ಬಿಡುವ ಸ್ವಿಚ್. ಎಂಟು ಪೋರ್ಟಿನ ಕೆವಿಎಂ ಭರ್ತಿಯಾಯ್ತು ಅಂತ ಅದನ್ನು ಮೂಲೆಗೆ ಹಾಕಬೇಡಿ. ಇನ್ನೊಂದು ಎಂಟರದ್ದು ತಂದು, ಅದರಲ್ಲಿ ಮಾನಿಟರ್, ಕೀಬೋರ್ಡ್ ಚುಚ್ಚುವ ಕನ್ಸೋಲ್ ಕಡೆಯಿಂದ ಕೇಬಲ್ ಎಳೆದು ಹಳೆಯದರ ಒಂದು ಸರ್ವರ್ ಪೋರ್ಟಿಗೆ ಕೊಡಿ. ಒಂದು ಪೋರ್ಟ್ ಹೋಯಿತು, ಎಂಟು ಬಂತು. ಒಟ್ಟು 15 ಸರ್ವರ್. ಎಂಟೂ ಪೋರ್ಟಿಗೆ ಹೀಗೇ ಕೊಟ್ಟರೆ 64. ಆದರೆ ಎಲ್ಲ ಮಾಡೆಲ್ ಇದಕ್ಕೆ ಒಗ್ಗುವುದಿಲ್ಲ, ಮ್ಯಾನ್ಯುಯಲ್‌ನಲ್ಲಿ ಕ್ಯಾಸ್ಕೇಡ್ (ಹೀಗೆ ಒಂದು ಸ್ವಿಚ್‌ಗೆ ಇನ್ನೊಂದನ್ನು ಜೋಡಿಸುವುದು) ಅಂತ ಇದೆಯಾ ನೋಡಿಯೇ ಕೊಳ್ಳಿ.

ನಿಜವಾದ ತಲೆನೋವು ಹಾಟ್‌ಕೀದು, ಅಂದರೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗಲು ಒತ್ತುವ ಕೀದು. ಎರಡೂ ಸ್ವಿಚ್‌ಗೆ ಸ್ಕ್ರೋಲ್ ಲಾಕ್ ಎರಡು ಸಲ ಒತ್ತುವುದೇ ಹಾಟ್‌ಕೀ ಆಗಿದ್ದರೆ, ಮೇಲಿನದು, ಅಂದರೆ ಹಳೆಯದು, ಅದನ್ನು ನುಂಗಿಬಿಡುತ್ತದೆ. ಕೆಳಗಿನದಕ್ಕೆ, ಅಂದರೆ ಹೊಸದಕ್ಕೆ, ಸುದ್ದಿಯೇ ಮುಟ್ಟುವುದಿಲ್ಲ! ಕೆಳಗಿನದಕ್ಕೆ ಕಂಟ್ರೋಲ್ ಕೀ ಇಡಿ. ಒಂದೇ ಕಂಪನಿಯ, ಹೊಂದುವ ಮಾಡೆಲ್ ಆದರೆ ಈ ರಗಳೆ ಕಡಿಮೆ. ಸಾಮಾನ್ಯವಾಗಿ ಮೇಲಿನದರ ಮೆನುವಿನಲ್ಲೇ ಕೆಳಗಿನ ಪೋರ್ಟುಗಳೂ ಕಾಣುತ್ತವೆ.

ಕರೆಂಟ್ ಕೊಡುವಾಗ ಮೊದಲು ಮೇಲಿನ ಸ್ವಿಚ್, ಆಮೇಲೆ ಕೆಳಗಿನದು, ಕೊನೆಗೆ ಸರ್ವರ್. ಕರೆಂಟ್ ಹೋಗಿ ಬಂದಾಗ ಎಲ್ಲ ಒಟ್ಟಿಗೆ ಆನ್ ಆಗಿ ಕೀಬೋರ್ಡ್ ಸಿಗದಿದ್ದರೆ ಗಾಬರಿ ಬೇಡ, ಸ್ವಿಚ್ ರೀಸೆಟ್ ಮಾಡಿ ನೋಡಿ. ವಿಜಿಎ ಕೇಬಲ್ ಉದ್ದವಾದಷ್ಟೂ ಅಕ್ಷರ ಮಸುಕು, ಹಾಗಾಗಿ ಸ್ವಿಚ್‌ಗಳು ಒಂದೇ ರ‍್ಯಾಕಿನಲ್ಲಿರಲಿ.

ನಮ್ಮ ಕಡೆ ಗುಡುಗು ಸಿಡಿಲು ಜಾಸ್ತಿ, ಅಲ್ವಾ? ಕೇಬಲ್‌ಗಳು ಎಲ್ಲ ಸರ್ವರನ್ನೂ ಒಂದಕ್ಕೊಂದು ಬೆಸೆದಿರುತ್ತವೆ. ಎಲ್ಲ ಸ್ವಿಚ್‌ಗೂ ಒಂದೇ ಅರ್ತಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮಳೆಗಾಲಕ್ಕೆ ಮುಂಚೆಯೇ ನೋಡಿಸಿ.